ರಾಬರ್ಟ್ ಪ್ಲಾಂಟ್ ಹಾಡೋದು ರಾಕಾ, ಕಂಟ್ರಿನಾ? ಕಿತ್ತಾಡುವ ಮೊದಲು ಹೀಗೆ ಕೇಳಿ

ರಾಬರ್ಟ್ ಪ್ಲಾಂಟ್ ಹಾಡುಗಾರರಾಗಿದ್ದ ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಒಂದು ಜಗಳ ಗ್ಯಾರಂಟಿ. "ಪ್ಲಾಂಟ್ ರಾಕ್ ಬಿಟ್ಟು ಹಾಳಾದ" ಅಂತ ಒಬ್ಬ ಶುರು ಮಾಡುತ್ತಾನೆ. "ಅಯ್ಯೋ, ಈಗಲೇ ಕಣೋ ಸರಿಯಾಗಿ ಹಾಡ್ತಿರೋದು" ಅಂತ ಇನ್ನೊಬ್ಬ. ಅಮೆರಿಕದ ಗಾಯಕಿ ಅಲಿಸನ್ ಕ್ರೌಸ್ ಜೊತೆ ಮಾಡಿದ್ದು ಕಂಟ್ರಿ (ಅಮೆರಿಕದ ಹಳ್ಳಿ ಕಡೆಯ ಸಂಗೀತ) ಅಂತ ಮೂರನೆಯವನು, ಅಲ್ಲ ಬ್ಲೂಗ್ರಾಸ್ (ಬ್ಯಾಂಜೋ, ಪಿಟೀಲುಗಳ ಬೆಟ್ಟದ ಸೀಮೆಯ ಸಂಗೀತ) ಅಂತ ನಾಲ್ಕನೆಯವನು. ಅಲ್ಲಿಂದ ಮುಂದೆ ಬರೀ ಜಾನರ್, ಅಂದರೆ ಸಂಗೀತದ ಪ್ರಕಾರಗಳ, ಹೆಸರುಗಳ ಮೇಲೆ ಎಳೆದಾಟ. ಹಾಡಿನ ಮಾತೇ ಬರುವುದಿಲ್ಲ.

ಜಗಳ ಬೇಡ ಅಂತ ನಾನು ಹೇಳುವುದಿಲ್ಲ, ಅದರಲ್ಲೇ ಅರ್ಧ ಮಜಾ ಇದೆ. ಆದರೆ ಹೆಸರು ಹಿಡಿದುಕೊಂಡು ಶುರು ಮಾಡಿದ ಜಗಳ ಎಲ್ಲಿಗೂ ಹೋಗಲ್ಲ. ಜೊತೆಗೆ ಬಂದವರು ಹಾಡನ್ನು ಏನು ಮಾಡಿದರು ಅನ್ನುವುದನ್ನು ಮೊದಲು ಕಿವಿಯಲ್ಲಿ ಹಿಡಿಯಿರಿ. ಹೆಸರು ಆಮೇಲೆ ಇಡೋಣ.

ಮೊದಲು ಗ್ರ್ಯಾಮಿಯನ್ನು ಪಕ್ಕಕ್ಕಿಡಿ

"ಗ್ರ್ಯಾಮಿಯವರೇ ಕಂಟ್ರಿ ಅಂದಿದ್ದಾರೆ" ಅಂತ ಯಾರಾದರೂ ಅಂದರೆ ಉತ್ತರ ಸುಲಭ. ಪ್ಲಾಂಟ್ ಮತ್ತು ಕ್ರೌಸ್ ಸೇರಿ ಮಾಡಿದ 'ರೈಸಿಂಗ್ ಸ್ಯಾಂಡ್' ಬಂದದ್ದು 2007ರಲ್ಲಿ. ಟಿ ಬೋನ್ ಬರ್ನೆಟ್ ಅದರ ನಿರ್ಮಾಪಕ. 2009ರ ಗ್ರ್ಯಾಮಿಯಲ್ಲಿ ಅದಕ್ಕೆ ಒಂದೇ ರಾತ್ರಿ ಐದು ಪ್ರಶಸ್ತಿ ಬಂತು. 'ರಿಚ್ ವುಮನ್' ಹಾಡಿಗೆ ಪಾಪ್ ವಿಭಾಗದಲ್ಲಿ, 'ಕಿಲ್ಲಿಂಗ್ ದ ಬ್ಲೂಸ್' ಹಾಡಿಗೆ ಕಂಟ್ರಿ ವಿಭಾಗದಲ್ಲಿ, ಇಡೀ ಆಲ್ಬಮ್ಮಿಗೆ ಫೋಕ್ ಮತ್ತು ಅಮೆರಿಕಾನಾ ವಿಭಾಗದಲ್ಲಿ. ಜೊತೆಗೆ ವರ್ಷದ ಆಲ್ಬಮ್, ವರ್ಷದ ರೆಕಾರ್ಡ್ ಎರಡೂ. ಅದೇ ಇಬ್ಬರು ಹಾಡುಗಾರರು, ಅದೇ ಡ್ರಮ್ಮರ್ ಜೇ ಬೆಲ್ಲೆರೋಸ್, ಅದೇ ಗಿಟಾರಿನ ಮಾರ್ಕ್ ರಿಬೋ. ಆದರೂ ಒಂದೇ ಆಲ್ಬಮ್ ಮೂರು ಡಬ್ಬಿಯಲ್ಲಿ ಹೋಗಿ ಕೂತಿತು. ಡಬ್ಬಿಗಳು ಪ್ರಶಸ್ತಿ ಹಂಚುವವರ ಅನುಕೂಲಕ್ಕೆ ಇರುವಂಥವು, ಅಷ್ಟೇ. ಅದನ್ನು ಸಾಕ್ಷಿ ಮಾಡಿಕೊಂಡರೆ ಪ್ರತಿಯೊಬ್ಬನಿಗೂ ಒಂದೊಂದು ಸಾಕ್ಷಿ ಸಿಗುತ್ತದೆ.

ಒಂದೇ ಹಾಡು, ಎರಡು ಸಲ

ಇದು ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಪರೀಕ್ಷೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. 'ಪ್ಲೀಸ್ ರೀಡ್ ದ ಲೆಟರ್' ಅನ್ನುವ ಹಾಡನ್ನು ಪ್ಲಾಂಟ್ ಮೊದಲು ಹಾಡಿದ್ದು 1998ರಲ್ಲಿ, ಜೆಪ್ಪೆಲಿನ್ ಗಿಟಾರಿಸ್ಟ್ ಜಿಮ್ಮಿ ಪೇಜ್ ಜೊತೆ ಮಾಡಿದ 'ವಾಕಿಂಗ್ ಇಂಟು ಕ್ಲಾರ್ಕ್ಸ್‌ಡೇಲ್' ಆಲ್ಬಮ್ಮಿನಲ್ಲಿ. ಸ್ಟೀವ್ ಆಲ್ಬಿನಿ ಅದನ್ನು ರೆಕಾರ್ಡ್ ಮಾಡಿದ್ದರು. ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಒಂಬತ್ತು ವರ್ಷ ಬಿಟ್ಟು ಅದೇ ಹಾಡು ಕ್ರೌಸ್ ಜೊತೆ 'ರೈಸಿಂಗ್ ಸ್ಯಾಂಡ್'ನಲ್ಲಿ ಬಂತು. ವರ್ಷದ ರೆಕಾರ್ಡ್ ಅಂತ ಗ್ರ್ಯಾಮಿ ಸಿಕ್ಕಿದ್ದು ಇದಕ್ಕೇ.

ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಮೊದಲ ಸಲ ಡ್ರಮ್ ಮಾತ್ರ ಕೇಳಿ, ಬೇರೆ ಏನೂ ಬೇಡ. 1998ರದ್ದರಲ್ಲಿ ರಾಕ್ ಬ್ಯಾಂಡಿನ ಡ್ರಮ್ ಹಾಡನ್ನು ಮುಂದಕ್ಕೆ ತಳ್ಳುತ್ತದೆ. 2007ರದ್ದರಲ್ಲಿ ಅದು ಹಿಂದಕ್ಕೆ ವಾಲುತ್ತದೆ, ಯಾವ ಆತುರವೂ ಇಲ್ಲದೆ ಭಾರವಾಗಿ ಬೀಳುತ್ತದೆ. ಎರಡನೇ ಸಲ ಪ್ಲಾಂಟ್ ದನಿ ಮಾತ್ರ. ಒಬ್ಬರೇ ಹಾಡುವಾಗ ಸಾಲಿನ ಕೊನೆಯನ್ನು ಇಷ್ಟ ಬಂದಷ್ಟು ಎಳೆಯಬಹುದು, ಮಧ್ಯ ಒಂದು ಕೂಗು ಸೇರಿಸಬಹುದು, ಅವರು ಜೀವಮಾನವೆಲ್ಲ ಮಾಡಿದ್ದೂ ಅದೇ. ಪಕ್ಕದಲ್ಲಿ ಇನ್ನೊಂದು ದನಿ ಇದ್ದಾಗ ಅದು ನಡೆಯುವುದಿಲ್ಲ. ಪದ ಇಬ್ಬರಿಗೂ ಒಂದೇ ಕ್ಷಣದಲ್ಲಿ ಮುಗಿಯಬೇಕು. ಬ್ಲೂಗ್ರಾಸ್‌ನವರಿಗೆ ಈ ಶಿಸ್ತು ಚಿಕ್ಕಂದಿನಿಂದ ಬಂದಿರುತ್ತದೆ: ಮುಖ್ಯ ದನಿ ಒಂದು, ಅದರ ಮೇಲೆ ಟೆನರ್, ಕೆಳಗೆ ಬ್ಯಾರಿಟೋನ್, ಮೂರೂ ಅಂಟಿಕೊಂಡು ಹೋಗಬೇಕು. ಕ್ರೌಸ್ ಬೆಳೆದದ್ದು ಆ ಪ್ರಪಂಚದಲ್ಲಿ. ಪ್ಲಾಂಟ್ ಅಲ್ಲಿಗೆ ಹೊಸಬರು, ಅದೂ ಅರವತ್ತರ ಹತ್ತಿರದ ವಯಸ್ಸಿನಲ್ಲಿ.

ಮೂರನೇ ಸಲ ಖಾಲಿ ಜಾಗಗಳನ್ನು ಕೇಳಿ. ಯಾರೂ ಏನೂ ಬಾರಿಸದ ಜಾಗ ಯಾವುದರಲ್ಲಿ ಜಾಸ್ತಿ ಇದೆ?

ಇಷ್ಟು ಮಾಡಿದ ಮೇಲೆ "ಇದು ಕಂಟ್ರಿ" ಅಂತ ಬೇಕಾದರೆ ಹೇಳಿ. ಹಾಡು ಅದೇ, ಪದಗಳು ಅವೇ, ಹಾಡಿದವರಲ್ಲಿ ಒಬ್ಬರು ಅವರೇ. ಬದಲಾದದ್ದು ಡ್ರಮ್ಮಿನ ನಡೆ, ದನಿಗಳ ಜೋಡಣೆ, ಖಾಲಿ ಜಾಗ. ಜಾನರ್ ಅಂದರೆ ಬಹಳಷ್ಟು ಸಲ ಈ ಮೂರೇ. ಪಿಟೀಲು ಕೇಳಿಸಿದ ಕೂಡಲೇ ಕಂಟ್ರಿ ಅನ್ನುವುದು ಸೋಮಾರಿ ಕಿವಿಯ ಕೆಲಸ.

ಜೊತೆಗಾರರನ್ನು ತೆಗೆದು ನೋಡಿ

ಎಲ್ಲಾ ಜೋಡಿ ಹಾಡುಗಳೂ ದೊಡ್ಡ ಸಾಧನೆ ಏನಲ್ಲ. ಎಷ್ಟೋ ಸಲ ಇನ್ನೊಂದು ಹೆಸರು ಇರುವುದು ಕವರಿನ ಮೇಲೆ ಹಾಕಲಿಕ್ಕೆ ಮಾತ್ರ. ಅದನ್ನು ಪತ್ತೆ ಮಾಡಲು ಮನಸ್ಸಿನಲ್ಲೇ ಆ ದನಿಯನ್ನು ತೆಗೆದುಹಾಕಿ. ಹಾಡು ಹಾಗೇ ನಿಂತಿತಾ? ಹಾಗಾದರೆ ಬಂದವರು ಅತಿಥಿ, ಊಟ ಮಾಡಿ ಹೋದರು. ಬಿದ್ದುಹೋಯಿತಾ? ಅದು ನಿಜವಾದ ಜೊತೆ.

ನನ್ನ ಲೆಕ್ಕದಲ್ಲಿ 2017ರ 'ಕ್ಯಾರಿ ಫೈರ್' ಆಲ್ಬಮ್ಮಿನಲ್ಲಿ ರಾಕ್ ಗಾಯಕಿ ಕ್ರಿಸ್ಸಿ ಹೈಂಡ್ ಜೊತೆ ಹಾಡಿದ 'ಬ್ಲೂಬರ್ಡ್ಸ್ ಓವರ್ ದ ಮೌಂಟನ್' ಮೊದಲನೇ ಥರದ್ದು. ಕೇಳಲು ಚೆನ್ನಾಗಿದೆ, ಆದರೆ ಹೈಂಡ್ ಇಲ್ಲದಿದ್ದರೂ ಹಾಡಿಗೆ ದೊಡ್ಡ ಪೆಟ್ಟೇನೂ ಬೀಳುತ್ತಿರಲಿಲ್ಲ. ಬೇಕಾದರೆ ವಾದಕ್ಕೆ ಬನ್ನಿ.

ಎರಡನೇ ಥರಕ್ಕೆ 'ದ ಬ್ಯಾಟಲ್ ಆಫ್ ಎವರ್‌ಮೋರ್' ಸಾಕು. ಜೆಪ್ಪೆಲಿನ್‌ನ 1971ರ ಹಾಡು, ಪೇಜ್ ಕೈಯಲ್ಲಿ ಮ್ಯಾಂಡೊಲಿನ್, ಡ್ರಮ್ ಇಲ್ಲವೇ ಇಲ್ಲ. ಪ್ಲಾಂಟ್ ಕಥೆ ಹೇಳುತ್ತಾರೆ, ಇಂಗ್ಲೆಂಡಿನ ಫೋಕ್ ಗಾಯಕಿ ಸ್ಯಾಂಡಿ ಡೆನ್ನಿ ಊರಿಗೆಲ್ಲ ಸಾರುವವರ ಹಾಗೆ ಉತ್ತರ ಕೊಡುತ್ತಾರೆ. ಜೆಪ್ಪೆಲಿನ್ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಹೊರಗಿನಿಂದ ಬಂದು ಹಾಡಿದವರು ಅವರೊಬ್ಬರೇ. ಡೆನ್ನಿ ದನಿ ತೆಗೆದರೆ ಅರ್ಧ ಸಂಭಾಷಣೆ ಮಾಯ. 1994ರಲ್ಲಿ ಪೇಜ್ ಮತ್ತು ಪ್ಲಾಂಟ್ 'ನೋ ಕ್ವಾರ್ಟರ್' ಮಾಡಿದಾಗ ಆ ಭಾಗ ಹಾಡಿದ್ದು ನಜ್ಮಾ ಅಖ್ತರ್, ಗಜಲ್ ಹಾಡುವವರು. 2008ರ ಪ್ರವಾಸದಲ್ಲಿ ಅದೇ ಜಾಗಕ್ಕೆ ಕ್ರೌಸ್ ಬಂದರು. ಡೆನ್ನಿ ಸ್ವರವನ್ನು ನೇರವಾಗಿ ಹಿಡಿದು ಎತ್ತುತ್ತಾರೆ. ನಜ್ಮಾ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಾರೆ. ಆ ಜಾರಿಕೆ ನಮ್ಮ ಕಿವಿಗೆ ತಕ್ಷಣ ಪರಿಚಯದ್ದು ಅನಿಸುತ್ತದೆ, ಅಲ್ವಾ? ಒಂದೇ ಜಾಗ, ಮೂರು ದನಿ. ಈ ಹಾಡಿಗೆ ಜಾನರ್ ಏನು ಅಂತ ಕೇಳಿದರೆ ನಾನಂತೂ ಯಾರ ದನಿಯದ್ದು ಅಂತ ತಿರುಗಿ ಕೇಳುತ್ತೇನೆ.

"ವಯಸ್ಸಾದ ಮೇಲೆ ದಾರಿ ತಪ್ಪಿದ" ಅನ್ನುವವರಿಗೆ

ಇಲ್ಲಿ ತಾರೀಕುಗಳು ಕೆಲಸಕ್ಕೆ ಬರುತ್ತವೆ. ಜೆಪ್ಪೆಲಿನ್‌ನ 1970ರ ಮೂರನೇ ಆಲ್ಬಮ್ಮಿನಲ್ಲೇ ಅರ್ಧಕ್ಕರ್ಧ ಅಕೂಸ್ಟಿಕ್ (ವಿದ್ಯುತ್ ಇಲ್ಲದ ವಾದ್ಯಗಳ) ಹಾಡುಗಳಿವೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬೈಯಲ್ಲಿ ಅಲ್ಲಿನ ವಾದ್ಯಗಾರರ ಜೊತೆ ಕೂತು 'ಫ್ರೆಂಡ್ಸ್' ಮತ್ತು 'ಫೋರ್ ಸ್ಟಿಕ್ಸ್' ರೆಕಾರ್ಡ್ ಮಾಡಿದರು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, ಅದಕ್ಕೇ ಬಹಳ ಜನಕ್ಕೆ ಗೊತ್ತಿಲ್ಲ. ಜೆಪ್ಪೆಲಿನ್‌ನ 'ವೆನ್ ದ ಲೆವೀ ಬ್ರೇಕ್ಸ್' ಅನ್ನು ಹೆವಿ ರಾಕಿನ ತಾಯಿ ಬೇರು ಅಂತ ಎದೆ ತಟ್ಟಿಕೊಳ್ಳುವವರಿಗೆ ಒಂದು ಮಾತು: ಅದರ ಮೂಲ 1929ರ ಬ್ಲೂಸ್ ಹಾಡು, ಕ್ಯಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ಅವರದ್ದು, 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ. ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯ ಮೆಟ್ಟಿಲ ಕೆಳಗೆ ಡ್ರಮ್ ಇಟ್ಟು, ಮೇಲಿಂದ ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ್ದರಿಂದ ಡ್ರಮ್ಮರ್ ಜಾನ್ ಬಾನಮ್ ಏಟುಗಳಿಗೆ ಆ ಗುಡುಗು ಬಂತು. ಹಾಡನ್ನು ರಾಕ್ ಮಾಡಿದ್ದು ಬಹುಪಾಲು ಆ ಮೆಟ್ಟಿಲುಗಳೇ!

ಜೆಪ್ಪೆಲಿನ್‌ನ 1975ರ ಹಾಡು 'ಕಾಶ್ಮೀರ್' ಬಗ್ಗೆ ಮಾತಾಡುವ ಮೊದಲು ಒಂದು ಸಣ್ಣ ಕಸರತ್ತು ಮಾಡಿ. ಕಾಲಲ್ಲಿ ಡ್ರಮ್ ಜೊತೆ ನಾಲ್ಕು ನಾಲ್ಕಾಗಿ ತಾಳ ಹಾಕಿ. ಕೈಯಲ್ಲಿ ಗಿಟಾರ್ ಜೊತೆ ಮೂರು ಮೂರಾಗಿ ಎಣಿಸಿ. ಹನ್ನೆರಡು ಎಣಿಕೆಗೊಮ್ಮೆ ಎರಡೂ ಒಂದೇ ಜಾಗಕ್ಕೆ ಬಂದು ಕೂಡುತ್ತವೆ, ಮತ್ತೆ ಬೇರೆಯಾಗುತ್ತವೆ. ಮೊದಮೊದಲು ಕಾಲು ಕೈಯನ್ನು ಎಳೆದುಕೊಂಡು ಹೋಗುತ್ತದೆ, ಬಿಡದೆ ಮಾಡಿ. ಆ ಹಾಡಿನ ತೂಗಾಟ ಬರುವುದು ಇಲ್ಲಿಂದಲೇ. 1994ರಲ್ಲಿ ಹೊಸಾಮ್ ರಮ್ಜಿ ಮುಂದಾಳತ್ವದ ಈಜಿಪ್ಟ್ ವಾದ್ಯಗಾರರು ಇದೇ ಹಾಡಿಗೆ ಸೇರಿಕೊಂಡಾಗ ಅವರಿಗೆ ಜಾಗ ಮಾಡಿಕೊಡಬೇಕಾಗಿ ಬರಲಿಲ್ಲ, 1975ರಿಂದಲೇ ಜಾಗ ಇತ್ತು. ಅಂದಹಾಗೆ ಸಾಹಿತ್ಯ ಹುಟ್ಟಿದ್ದು ದಕ್ಷಿಣ ಮೊರಾಕೋದ ಒಂದು ಉದ್ದನೆಯ ರಸ್ತೆಯಲ್ಲಿ. ಹೆಸರಿಗೆ ಮಾತ್ರ ಕಾಶ್ಮೀರ.

ಹಾಗಂತ ಗೊಣಗುವವರ ಮಾತಲ್ಲಿ ಏನೂ ಇಲ್ಲ ಅಂತಲ್ಲ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಸಭಾಂಗಣದಲ್ಲಿ ಜೆಪ್ಪೆಲಿನ್ ಮತ್ತೆ ಒಂದು ರಾತ್ರಿ ಸೇರಿತು, ಬಾನಮ್ ಜಾಗದಲ್ಲಿ ಅವರ ಮಗ ಜೇಸನ್. ಇನ್ನೇನು ವಿಶ್ವ ಪ್ರವಾಸ ಅಂತ ಎಲ್ಲರೂ ಕಾದಿದ್ದಾಗ ಪ್ಲಾಂಟ್ ಕ್ರೌಸ್ ಜೊತೆ ಹೊರಟರು. ಆ ಬೇಸರ ನ್ಯಾಯವಾದದ್ದೇ. ಬಾನಮ್ ಏಟಿಗಾಗಿ ಜೆಪ್ಪೆಲಿನ್ ಕೇಳುವವರಿಗೆ 'ರೈಸಿಂಗ್ ಸ್ಯಾಂಡ್' ಏನೂ ಕೊಡುವುದಿಲ್ಲ, ಕೊಡುತ್ತದೆ ಅಂತ ಒತ್ತಾಯ ಮಾಡಲೂ ಬೇಡಿ. "ನನಗೆ ಆ ಡ್ರಮ್ ಬೇಕು" ಅಂದರೆ ಒಪ್ಪಿಕೊಂಡು ಮುಂದೆ ಹೋಗಿ. "ಅವನು ರಾಕ್ ಬಿಟ್ಟ" ಅಂದರೆ ಮಾತ್ರ ಮೇಲಿನ ತಾರೀಕುಗಳನ್ನು ತೆಗೆಯಿರಿ.

ಕಷ್ಟದ ಹಾಡನ್ನು ಕೊನೆಗಿಟ್ಟುಕೊಳ್ಳಿ

ಗೆಳೆಯರ ಜೊತೆ ಕೂತು ವಾದ ಮಾಡಲು ನಾನು ಆರಿಸುವುದು 'ಲಿಟ್ಲ್ ಮ್ಯಾಗಿ'. 2014ರ 'ಲಲಬೈ ಅಂಡ್ ದ ಸೀಸ್‌ಲೆಸ್ ರೋರ್' ಆಲ್ಬಮ್ಮಿನ ಮೊದಲ ಹಾಡು. ಅಪಲೇಚಿಯಾ ಬೆಟ್ಟಗಳ ಹಳೇ ಹಾಡು, ಬ್ಲೂಗ್ರಾಸ್‌ನವರು ತಲೆತಲಾಂತರದಿಂದ ಹಾಡುತ್ತಾ ಬಂದದ್ದು. ಇದರಲ್ಲಿ ಬ್ಯಾಂಜೋ ಇದೆ. ಅದರ ಜೊತೆಗೆ ಗ್ಯಾಂಬಿಯಾದ ಜುಲ್ಡೆ ಕಮಾರಾ ಬಾರಿಸುವ ರಿಟ್ಟಿ ಇದೆ, ಒಂದೇ ತಂತಿಯ ಪಿಟೀಲು. ಕೊನೆಗೆ ಎಲೆಕ್ಟ್ರಾನಿಕ್ ಬೀಟ್ ಬಂದು ಸೇರುತ್ತದೆ.

ಯಾರೋ ಒಬ್ಬರು "ಸುಮ್ನೆ ಎಲ್ಲಾ ಕಲಸಿದ್ದಾರೆ" ಅಂದೇ ಅನ್ನುತ್ತಾರೆ. ಆಗ ಬ್ಯಾಂಜೋ ಎಲ್ಲಿಂದ ಬಂತು ಅಂತ ಕೇಳಿ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆದುತಂದ ಜನ ತಮ್ಮ ಊರಿನ ವಾದ್ಯಗಳ ನೆನಪಲ್ಲಿ ಅಮೆರಿಕ ಖಂಡದಲ್ಲಿ ಕಟ್ಟಿಕೊಂಡ ವಾದ್ಯದ ವಂಶ ಅದು. ಗ್ಯಾಂಬಿಯಾದ ರಿಟ್ಟಿ ಪಕ್ಕದಲ್ಲಿ ಕೂತಾಗ ಬ್ಯಾಂಜೋ ತನ್ನ ನೆಂಟರ ಪಕ್ಕದಲ್ಲೇ ಕೂತಿದೆ. ಬ್ಲೂಗ್ರಾಸ್ ಅಂದರೆ ಬೆಟ್ಟದ ಬಿಳಿಯರ ಸಂಗೀತ, ಆಫ್ರಿಕಾದ್ದು ಬೇರೆ ಅನ್ನುವ ಗೆರೆ ಇಲ್ಲಿ ನಿಲ್ಲುವುದಿಲ್ಲ.

ವಾದಕ್ಕೆ ನಮ್ಮ ಗುಂಪಿನಲ್ಲಿ ಒಂದೇ ನಿಯಮ ಇದೆ, ನೀವೂ ಇಟ್ಟುಕೊಳ್ಳಿ. ಏನೇ ಹೇಳಿದರೂ ಯಾವ ನಿಮಿಷದಲ್ಲಿ ಅಂತ ತೋರಿಸಬೇಕು. "ಇಲ್ಲಿ ಪ್ಲಾಂಟ್ ದನಿ ಸೋತಿದೆ" ಅಂದರೆ ಆ ಜಾಗ ಹಾಕಿ ಕೇಳಿಸಬೇಕು. ಅರ್ಧ ಜನ ಅಲ್ಲೇ ಮಾತು ಬದಲಿಸುತ್ತಾರೆ. ಮಿಕ್ಕವರ ಜೊತೆ ವಾದ ಮಾಡಲು ನಿಜವಾಗಿ ಖುಷಿಯಾಗುತ್ತದೆ, ಯಾಕೆಂದರೆ ಅವರು ನಿಮಗೆ ಕೇಳಿಸದ್ದನ್ನು ಕೇಳಿಸುತ್ತಾರೆ.

ಹೊಸದಾಗಿ ಶುರು ಮಾಡುವವರು ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿಕೊಳ್ಳಬೇಡಿ. 'ಪ್ಲೀಸ್ ರೀಡ್ ದ ಲೆಟರ್' ಎರಡೂ ರೂಪ, ಆಮೇಲೆ 'ಎವರ್‌ಮೋರ್' ಡೆನ್ನಿಯದ್ದು ಮತ್ತು ನಜ್ಮಾದು, ಕೊನೆಗೆ 'ಲಿಟ್ಲ್ ಮ್ಯಾಗಿ'. ಇಷ್ಟು ಒಂದು ಸಂಜೆಗೆ ಸಾಕು. ಅದಾದ ಮೇಲೆ 2025ರಲ್ಲಿ ಬಂದ 'ಸೇವಿಂಗ್ ಗ್ರೇಸ್' ಹಾಕಿ. ಪ್ಲಾಂಟ್ ಜೊತೆ ಅದರಲ್ಲಿ ಹಾಡಿರುವವರು ಸೂಜಿ ಡಯನ್. ಅವರ ದನಿ ತೆಗೆದರೆ ಹಾಡುಗಳು ನಿಲ್ಲುತ್ತವಾ, ಬೀಳುತ್ತವಾ? ನನ್ನ ಉತ್ತರ ಬೀಳುತ್ತವೆ ಅಂತ. ನಿಮ್ಮದು ಬೇರೆ ಇದ್ದರೆ ಯಾವ ನಿಮಿಷ ಅಂತ ಹೇಳಿ.