ಕೀಲಿಗೊಂಚಲಿಗೊಬ್ಬ ಕಾಲಾಳು

ಚದುರಂಗದ ಕಾಯಿಯ ಕೀ ಚೈನ್ ಮಾಡಿಕೊಡಿ ಎಂದು ಕೇಳುವವರಲ್ಲಿ ಹೆಚ್ಚಿನವರಿಗೆ ಕುದುರೆಯೇ ಬೇಕು. ನಾನು ಮಾಡುವುದು ಕಾಲಾಳನ್ನು ಮಾತ್ರ. ಕುದುರೆಯ ಮುಖ, ಮರದ ತುಂಡನ್ನು ತಿರುಗಿಸುತ್ತ ಕಡೆಯುವ ಲೇತಿನಲ್ಲಿ ಮೂಡುವುದಿಲ್ಲ, ಕೈಯಿಂದಲೇ ಕೆತ್ತಬೇಕು. ಅಷ್ಟು ಕಷ್ಟಪಟ್ಟರೂ ಜೇಬಿನಲ್ಲಿ ಮೊದಲು ಮುರಿಯುವುದು ಅದರ ಕಿವಿ. ಆನೆಯ ತಲೆಯ ಮೇಲಿನ ಕೋಟೆ ತೆನೆಗಳಲ್ಲಿ ಜೇಬಿನ ಕಸವೆಲ್ಲ ಸೇರಿಕೊಳ್ಳುತ್ತದೆ. ಕಾಲಾಳಿಗೆ ಈ ರಗಳೆಯಿಲ್ಲ, ಸುತ್ತಲೂ ದುಂಡು.

ಈಗ ಎಲ್ಲೆಡೆ ಕಾಣುವ ಕಾಲಾಳಿನ ಆಕಾರ 1849ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾದ ಸ್ಟಾಂಟನ್ ಮಾದರಿಯದು: ಗುಂಡು ತಲೆ, ಕೊರಳಿಗೊಂದು ಪಟ್ಟಿ, ಅಗಲವಾದ ಪೀಠ. ಪೀಠದ ಅಗಲ ಕಾಯಿ ಉರುಳದಿರಲೆಂದು. ತೂಗಾಡುವ ಕಾಯಿಗೆ ಅದರ ಹಂಗೇಕೆ? ಟೂರ್ನಿಗಳಲ್ಲಿ ಕಾಲಾಳಿನ ಎತ್ತರ ಸುಮಾರು 5 ಸೆಂ.ಮೀ.; ನಾನು 35 ಮಿ.ಮೀ.ಗೆ ಇಳಿಸಿ, ಪೀಠವನ್ನು 16 ಮಿ.ಮೀ.ಗೆ ನಿಲ್ಲಿಸುತ್ತೇನೆ. ಕೊರಳನ್ನು ಮಾತ್ರ ಅದೇ ಲೆಕ್ಕದಲ್ಲಿ ಸಣಕಲು ಮಾಡುವಂತಿಲ್ಲ. ಭಾರವೆಲ್ಲ ಜಗ್ಗುವುದು ಅಲ್ಲೇ.

ಅಂಗಡಿಯಲ್ಲಿ ಸಿಗುವ ಬಹುಪಾಲು ಕೀ ಚೈನ್‌ಗಳಲ್ಲಿ ತಲೆಗೆ ಸಣ್ಣ ಕೊಕ್ಕೆ ಸ್ಕ್ರೂ ತಿರುಗಿಸಿರುತ್ತಾರೆ. ನಾರಿನ ಉದ್ದಕ್ಕೆ ಇಳಿದ ಸ್ಕ್ರೂವನ್ನು ಮರ ಗಟ್ಟಿಯಾಗಿ ಹಿಡಿಯುವುದಿಲ್ಲ. ಒಂದು ದಿನ ಉಂಗುರವಷ್ಟೇ ಕೈಯಲ್ಲಿ ಉಳಿಯುತ್ತದೆ, ಕಾಯಿ ಬಸ್ಸಿನಲ್ಲಿ. ಆದ್ದರಿಂದ ಕಡೆಯುವ ಮೊದಲೇ ತುಂಡಿನ ನಟ್ಟನಡುವೆ 2 ಮಿ.ಮೀ. ರಂಧ್ರ ಕೊರೆದು, ಅದನ್ನೇ ಕೇಂದ್ರವಾಗಿಟ್ಟು ಲೇತಿಗೆ ಏರಿಸುತ್ತೇನೆ. ಕೊನೆಯಲ್ಲಿ ಹಿತ್ತಾಳೆ ತಂತಿ ಪೀಠದಿಂದ ತಲೆಯವರೆಗೆ ಹಾಯುತ್ತದೆ; ಕೆಳಗೆ ಪುಟ್ಟ ವಾಷರ್ ಇಟ್ಟು ತಂತಿಯ ತುದಿಯನ್ನು ತಟ್ಟಿ ಚಪ್ಪಟೆ ಮಾಡಿದರೆ, ಮೇಲೆ ಸುತ್ತಿದ ಕುಣಿಕೆಗೆ ಉಂಗುರ. ಎಳೆತ ಮರದ ಮೇಲಲ್ಲ, ವಾಷರಿನ ಮೇಲೆ.

ಮರ, ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರವೇ. ಒಣಗಿದ್ದರೆ ಉಳಿಯ ಕೆಳಗೆ ನಾರು ಏಳದೆ ನುಣುಪಾಗುತ್ತದೆ. ಬಣ್ಣ ಹಾಕುವುದೂ ಅಲ್ಲಿನ ರೀತಿಯಲ್ಲೇ: ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ, ಉಜ್ಜಿದ ಶಾಖಕ್ಕೇ ಕರಗಿ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆಗರಿಯನ್ನು ಒತ್ತಿ ಹಿಡಿಯಬೇಕು. ಮಂಕಾಗಿದ್ದ ಅರಗು ಆಗ ಇದ್ದಕ್ಕಿದ್ದಂತೆ ಹೊಳೆಯುವುದನ್ನು ನೋಡುವುದಕ್ಕಾಗಿಯೇ ಲೇತಿನ ಮುಂದೆ ಕೂರಬಹುದು. ಕೊರಳಪಟ್ಟಿಯ ಅಡಿಯ ಸಂದಿಗೆ ಕಡ್ಡಿಯ ಮೂತಿಯನ್ನು ಚೂಪು ಮಾಡಿಕೊಳ್ಳಬೇಕು, ಇಲ್ಲವಾದರೆ ಅಲ್ಲಿ ಬಿಳಿ ಗೆರೆ ಉಳಿಯುತ್ತದೆ. ಚೂಪು ಅಂಚುಗಳನ್ನೆಲ್ಲ ಮೊದಲೇ ಮೊಂಡು ಮಾಡಿಬಿಡುತ್ತೇನೆ. ಬೀಗದ ಕೈಗಳು ಬಡಿದಾಗ ಅರಗಿನ ಚಕ್ಕೆ ಏಳುವುದು ಅಂಚಿನಲ್ಲೇ.

ಕೊಂಡವರಿಗೆ ಹೇಳುವುದು ಎರಡೇ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅರಗು ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಆರುವ ಮೊದಲು ಮುಟ್ಟಬೇಡಿ. ಆಲ್ಕೋಹಾಲ್‌ಗೆ ಅರಗು ಕರಗಿ ಬೆರಳಿಗೆ ಬಣ್ಣ ಅಂಟುತ್ತದೆ.