ಬಿಸ್ಕತ್ತಿನ ಡಬ್ಬಿಯಲ್ಲಿ ಹುಣಸೆ ಬೀಜ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಾನೊಂದು ಪುಟ್ಟ ಶಿಶುವಿಹಾರ ನಡೆಸುತ್ತೇನೆ. ಹದಿನೆಂಟು ಮಕ್ಕಳು. ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವವರಿದ್ದಾರೆ, ಬರೀ ಕನ್ನಡದವರೂ ಇದ್ದಾರೆ.

ಒಂದು ದಿನ ಬಿಸ್ಕತ್ತಿನ ಡಬ್ಬಿಗೆ ಹುಣಸೆ ಬೀಜ ತುಂಬಿಟ್ಟೆ. ಒಬ್ಬೊಬ್ಬರನ್ನೇ ಕರೆದು "ಇದ್ರಲ್ಲಿ ಏನಿದೆ?" ಅಂದೆ. "ಬಿಸ್ಕೆಟ್!" ಮುಚ್ಚಳ ತೆಗೆದು ತೋರಿಸಿ, ಮತ್ತೆ ಮುಚ್ಚಿ ಕೇಳಿದೆ: "ಹೊರಗೆ ಆಡ್ತಿರೋ ನಿನ್ನ ಫ್ರೆಂಡು ಇದನ್ನ ನೋಡಿಲ್ಲ. ಒಳಗೆ ಏನಿದೆ ಅಂದ್ಕೊಳ್ತಾನೆ?"

ಮೂರು ವರ್ಷದವರು ಹೆಚ್ಚಾಗಿ "ಹುಣಸೆ ಬೀಜ" ಅನ್ನುತ್ತಾರೆ. ತನಗೆ ಗೊತ್ತಿದ್ದರೆ ಊರಿಗೆಲ್ಲ ಗೊತ್ತು ಅನ್ನುವ ಲೆಕ್ಕ. ನಾಲ್ಕು ದಾಟಿದವರು "ಬಿಸ್ಕೆಟ್" ಅಂತ ಕಿಸಕ್ಕನೆ ನಗುತ್ತಾರೆ. ಇಂಥ ಪರೀಕ್ಷೆ ನನ್ನದೇನಲ್ಲ. ವಿಮ್ಮರ್ ಮತ್ತು ಪೆರ್ನರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲೇ ಚಾಕಲೇಟು, ಕಪಾಟು ಇಟ್ಟುಕೊಂಡು ಹೀಗೆ ಕೇಳಿದ್ದರು.

ನಾನು ಎಡವಿದ್ದು ಒಬ್ಬ ಉರ್ದು ಮನೆಯ ಹುಡುಗನ ವಿಷಯದಲ್ಲಿ. ನಾಲ್ಕೂವರೆ ವರ್ಷ. ಎಷ್ಟು ಸಲ ಕೇಳಿದರೂ "ಬೀಜ". ಪುಸ್ತಕದಲ್ಲಿ 'ಇನ್ನೂ ಬಂದಿಲ್ಲ' ಅಂತ ಬರೆದುಬಿಟ್ಟೆ. ಮರುವಾರ ಅವನ ಅಕ್ಕ ಬಂದಿದ್ದಳು. ಸುಮ್ನೆ ಇರಲಿ ಅಂತ ಅದನ್ನೇ ಅವಳಿಂದ ಉರ್ದುವಿನಲ್ಲಿ ಕೇಳಿಸಿದೆ. ತಟ್ಟನೆ "ಬಿಸ್ಕೆಟ್" ಅಂದ! ಸೋತಿದ್ದು ನನ್ನ 'ಅಂದ್ಕೊಳ್ತಾನೆ'. ನಮಗೆ ಅಂದುಕೊಳ್ಳುವುದು ಅಂದರೆ ತನಗೆ ತಾನೇ ಹೇಳಿಕೊಳ್ಳುವುದು. ಎಷ್ಟು ಚೆಂದದ ಮಾತು, ಆದರೆ ಆ ಹುಡುಗನಿಗೆ ಅದು ಇನ್ನೂ ಸಿಕ್ಕಿರಲಿಲ್ಲ. ನಾನು ಅಳೆದಿದ್ದು ಅವನ ಕನ್ನಡವನ್ನು, ಬುದ್ಧಿಯನ್ನಲ್ಲ. ಬರೆದದ್ದನ್ನು ಹೊಡೆದುಹಾಕಿದೆ. ಈಗ ಮೊದಲು ಮನೆಮಾತಿನಲ್ಲೇ ಕೇಳಿಸುತ್ತೇನೆ.

2009ರಲ್ಲಿ ಆಗ್ನೆಸ್ ಕೊವಾಚ್ ಎಂಬ ಸಂಶೋಧಕಿ ಮೂರು ವರ್ಷದ ಮಕ್ಕಳಿಗೆ ಇಂಥದ್ದೇ ಪರೀಕ್ಷೆ ಕೊಟ್ಟಾಗ, ರೊಮೇನಿಯನ್ ಜೊತೆ ಹಂಗೇರಿಯನ್ನೂ ಆಡುವ ಮಕ್ಕಳು ಒಂದೇ ಭಾಷೆಯವರಿಗಿಂತ ಚೆನ್ನಾಗಿ ಉತ್ತರಿಸಿದ್ದರು. ನನ್ನ ಹದಿನೆಂಟು ಮಕ್ಕಳನ್ನು ಇಟ್ಟುಕೊಂಡು ಅಂಥದ್ದೇನೂ ಹೇಳಲಾಗದು. ಆದರೆ ಗೇಟಿನ ಹತ್ತಿರ ನಿಂತರೆ ಒಂದು ಕಾರಣ ಕಾಣುತ್ತದೆ. ತಮಿಳು ಹುಡುಗಿಯೊಬ್ಬಳನ್ನು ಕರೆದೊಯ್ಯಲು ಅವಳ ಅಜ್ಜಿ ಬರುತ್ತಾರೆ. ನಾನು "ನಾಳೆ ರಜಾ" ಅಂದರೆ ಸಾಕು, ಯಾರೂ ಹೇಳದೆ ಅವಳು ತಿರುಗಿ ತಮಿಳಿನಲ್ಲಿ ಹೇಳುತ್ತಾಳೆ. "ಪಾಟಿಗೆ ಕನ್ನಡ ಬರಲ್ಲ ಮಿಸ್." ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನೋದು ಅವಳಿಗೆ ದಿನಾ ಮಾಡುವ ಲೆಕ್ಕ.

ಹಾಗಾದರೆ ಬರೀ ಕನ್ನಡದ ಮಕ್ಕಳು? 2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಆಟದ ಕಾರುಗಳನ್ನಿಟ್ಟು ನೋಡಿದರು. ಎದುರಿಗೆ ಕೂತ ದೊಡ್ಡವರಿಗೆ ಎಲ್ಲಕ್ಕಿಂತ ಸಣ್ಣ ಕಾರು ಕಾಣುತ್ತಿರಲಿಲ್ಲ. ಅವರು "ಸಣ್ಣ ಕಾರು" ಅಂದರೆ, ಅವರಿಗೆ ಕಾಣುವುದರಲ್ಲಿ ಸಣ್ಣದನ್ನು ಮಗು ಆರಿಸಬೇಕು. ಎರಡನೇ ಭಾಷೆ ಆಡದೆ, ಅದು ಕಿವಿಗೆ ಬೀಳುವ ವಾತಾವರಣದಲ್ಲಿ ಬೆಳೆದ ಮಕ್ಕಳೂ ಅದನ್ನು ಚೆನ್ನಾಗಿ ಮಾಡಿದರಂತೆ.

ನಾನು ನಂಬಿದ್ದು ಮಾತ್ರ ಮೊನ್ನೆ. ಆ ಹುಡುಗಿ ಶೂ ಹುಡುಕುತ್ತಾ ಒಳಗಿದ್ದಳು. ನಾನು ಅಜ್ಜಿಗೆ ಕನ್ನಡದಲ್ಲೇ ಏನೋ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಬರೀ ಕನ್ನಡದ ಹುಡುಗ ನನ್ನ ಸೆರಗು ಎಳೆದ.

"ಮಿಸ್, ಅವರಿಗೆ ಅರ್ಥ ಆಗಲ್ಲ. ಕೈ ಮಾಡಿ ತೋರ್ಸಿ."