ಟೆಲಿಸ್ಕೋಪ್ ಲೆನ್ಸನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದು ಹೇಗೆ?

ಒಂದೇ ಗಾಜಿನ ಲೆನ್ಸ್ ಹಾಕಿದ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ನೋಡಿದರೆ ಅಂಚಿನ ಸುತ್ತ ಬಣ್ಣ ಇಣುಕುತ್ತದೆ. ಗಾಜು ನೀಲಿ ಬೆಳಕನ್ನು ಜಾಸ್ತಿ ಬಾಗಿಸುತ್ತದೆ, ಕೆಂಪನ್ನು ಕಡಿಮೆ. ಲೆನ್ಸಿನ ಫೋಕಲ್ ಲೆಂಥ್ (ದೂರದ ಬೆಳಕು ಬಂದು ಕೂಡುವ ಜಾಗಕ್ಕೆ ಲೆನ್ಸಿನಿಂದ ಇರುವ ದೂರ) 500 ಮಿ.ಮೀ. ಇದ್ದರೆ ಈ ಎರಡು ಬಣ್ಣಗಳು ಕೂಡುವ ಜಾಗಗಳ ನಡುವೆ ಸುಮಾರು 7.8 ಮಿ.ಮೀ. ಅಂತರ ಬೀಳುತ್ತದೆ. ಇದಕ್ಕೆ ಮದ್ದು 18ನೇ ಶತಮಾನದಲ್ಲೇ ಸಿಕ್ಕಿತು. ಎರಡು ಬೇರೆ ಜಾತಿಯ ಗಾಜನ್ನು ಜೋಡಿಸಿದರೆ ಒಂದು ಮಾಡಿದ ಬಣ್ಣವನ್ನು ಇನ್ನೊಂದು ಅಳಿಸುತ್ತದೆ. ಜಾನ್ ಡಾಲಂಡ್ ಇದಕ್ಕೆ ಪೇಟೆಂಟ್ ಪಡೆದದ್ದು 1758ರಲ್ಲಿ. ಇದೇ ಆಕ್ರೋಮ್ಯಾಟಿಕ್ ಡಬ್ಲೆಟ್.

ಆಪ್ಟಿಕಲ್ ಡಿಸೈನ್ ಸಾಫ್ಟ್‌ವೇರ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹಾಗಾಗಿ 50 ಮಿ.ಮೀ. ಅಗಲದ, 500 ಮಿ.ಮೀ. ಫೋಕಲ್ ಲೆಂಥ್‌ನ ಒಂದು ಡಬ್ಲೆಟ್ ಮಾಡೋಣ.

ಯಾವ ಸಾಫ್ಟ್‌ವೇರ್?

ಕಂಪನಿಗಳಲ್ಲಿ ಹೆಚ್ಚಾಗಿ ಓಡುವುದು ಝೀಮ್ಯಾಕ್ಸ್ ಆಪ್ಟಿಕ್‌ಸ್ಟುಡಿಯೋ ಮತ್ತು ಕೋಡ್ ವಿ. ಎರಡೂ ದುಬಾರಿ. ಕಲಿಯುವವರಿಗೆ ಆಸ್ಲೋ (OSLO) ಎಂಬ ಸಾಫ್ಟ್‌ವೇರಿನ ಉಚಿತ ಎಜುಕೇಷನ್ ಆವೃತ್ತಿ ಸಾಕು. ಅದರಲ್ಲಿ 10 ಮೇಲ್ಮೈಗಳ ಮಿತಿ ಇದೆ. ಆದರೆ ಅಂಟಿಸಿದ ಎರಡು ಲೆನ್ಸಿಗೆ ನಮಗೆ ಬೇಕಿರುವುದು ಮೂರೇ ಅಲ್ವಾ? ಪೈಥಾನ್ ಗೊತ್ತಿದ್ದರೆ ಆಪ್ಟಿಲ್ಯಾಂಡ್ ಎಂಬ ಮುಕ್ತ ತಂತ್ರಾಂಶವೂ ಇದೆ. ಬಟನ್‌ಗಳ ಹೆಸರು ಬೇರೆ ಬೇರೆ ಇರಬಹುದು. ಕೆಲಸದ ಕ್ರಮ ಎಲ್ಲದರಲ್ಲೂ ಒಂದೇ.

ಮೊದಲು ಪೇಪರ್, ಪೆನ್

ಹೊಸಬರು ಇದನ್ನು ಹಾರಿಸಿ ನೇರ ಸಾಫ್ಟ್‌ವೇರ್ ತೆರೆಯುತ್ತಾರೆ. ಹಾಗೆ ಮಾಡಬೇಡಿ. ಆಪ್ಟಿಮೈಜ್ ಬಟನ್ ಒತ್ತಿದಾಗ ಕಂಪ್ಯೂಟರ್ ಮಾಡುವುದು ಇಷ್ಟೇ: ದಟ್ಟ ಮಂಜಿನಲ್ಲಿ ಬೆಟ್ಟ ಇಳಿಯುವವನ ಹಾಗೆ, ಕಾಲಿಗೆ ಇಳಿಜಾರು ಸಿಕ್ಕ ಕಡೆ ಹೆಜ್ಜೆ ಇಡುತ್ತದೆ, ಮೊದಲು ಸಿಕ್ಕ ತಗ್ಗಿನಲ್ಲಿ ನಿಂತುಬಿಡುತ್ತದೆ. ಎಲ್ಲಿಂದ ಇಳಿಯಬೇಕು ಎಂದು ಹೇಳುವವರು ನೀವು.

ಲೆಕ್ಕ ಕಷ್ಟದ್ದೇನಲ್ಲ. ಮುಂದಿನ ಲೆನ್ಸಿಗೆ ಎನ್-ಬಿಕೆ7 ಎಂಬ ಕ್ರೌನ್ ಗಾಜು: ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.5168, ಅಬ್ಬೆ ಸಂಖ್ಯೆ 64.2. ಹಿಂದಿನದಕ್ಕೆ ಎಫ್2 ಎಂಬ ಫ್ಲಿಂಟ್: 1.6200 ಮತ್ತು 36.4. ಅಬ್ಬೆ ಸಂಖ್ಯೆ ಕಡಿಮೆ ಇದ್ದಷ್ಟೂ ಆ ಗಾಜು ಬಣ್ಣಗಳನ್ನು ಜಾಸ್ತಿ ಚದುರಿಸುತ್ತದೆ. 64.2ನ್ನು ಎರಡರ ವ್ಯತ್ಯಾಸವಾದ 27.8ರಿಂದ ಭಾಗಿಸಿದರೆ 2.31. ಅಂದರೆ ಕ್ರೌನ್ ಲೆನ್ಸಿನ ಶಕ್ತಿ (1ನ್ನು ಫೋಕಲ್ ಲೆಂಥ್‌ನಿಂದ ಭಾಗಿಸಿದ್ದು) ಒಟ್ಟು ಶಕ್ತಿಯ 2.31 ಪಟ್ಟು ಇರಬೇಕು, ಫ್ಲಿಂಟ್‌ನದು ಮೈನಸ್ 1.31 ಪಟ್ಟು. ಫೋಕಲ್ ಲೆಂಥ್ ಲೆಕ್ಕದಲ್ಲಿ ಹೇಳುವುದಾದರೆ ಕ್ರೌನ್ 216.6 ಮಿ.ಮೀ., ಫ್ಲಿಂಟ್ −382 ಮಿ.ಮೀ.

ಇನ್ನು ಪಿಯುಸಿಯಲ್ಲಿ ಓದಿದ ಲೆನ್ಸ್ ತಯಾರಕರ ಸೂತ್ರ ಸಾಕು. ಕ್ರೌನನ್ನು ಎರಡೂ ಕಡೆ ಒಂದೇ ಸಮ ಉಬ್ಬಿಸಿದರೆ ತ್ರಿಜ್ಯ 224 ಮಿ.ಮೀ. ಬರುತ್ತದೆ. ಫ್ಲಿಂಟ್‌ನ ಮುಂದಿನ ಮೈ ಅದಕ್ಕೆ ಅಂಟುವುದರಿಂದ ಅದೂ 224. ಹಿಂದಿನ ಮೈಯ ತ್ರಿಜ್ಯ −4060 ಮಿ.ಮೀ., ಹೆಚ್ಚುಕಡಿಮೆ ಚಪ್ಪಟೆ.

ಸಾಫ್ಟ್‌ವೇರಿಗೆ ತುಂಬುವುದು

ಮೂರು ವಿಷಯ ಹೇಳಬೇಕು. ಬೆಳಕು ಒಳಬರುವ ಅಗಲ: 50 ಮಿ.ಮೀ. ನೋಡುವ ಕೋನ: ನಡುವಿಗೆ 0 ಡಿಗ್ರಿ, ಅಂಚಿಗೆ 0.5 ಡಿಗ್ರಿ. ಚಂದ್ರನ ಅಗಲವೇ ಸುಮಾರು ಅರ್ಧ ಡಿಗ್ರಿ, ಹಾಗಾಗಿ ಎರಡು ಚಂದ್ರ ಪಕ್ಕಪಕ್ಕ ಕೂರುವಷ್ಟು ನೋಟ ಸಿಗುತ್ತದೆ. ಕೊನೆಯದು ಬೆಳಕಿನ ಅಲೆಗಳ ಉದ್ದ: 0.4861, 0.5876, 0.6563 ಮೈಕ್ರಾನ್, ಅಂದರೆ ನೀಲಿ, ಹಳದಿ, ಕೆಂಪು.

ಆಮೇಲೆ ಮೇಲ್ಮೈಗಳ ಪಟ್ಟಿ. ಮೊದಲ ಸಾಲು: ತ್ರಿಜ್ಯ 224, ದಪ್ಪ 8, ಗಾಜು ಎನ್-ಬಿಕೆ7. ಎರಡನೆಯದು: −224, ದಪ್ಪ 5, ಎಫ್2. ಮೂರನೆಯದು: −4060, ಮುಂದೆ ಗಾಳಿ. ಕೊನೆಯ ಮೈಯಿಂದ ಬಿಂಬದವರೆಗಿನ ದೂರವನ್ನು ನೀವು ಹಾಕಬೇಡಿ. ಸಾಲ್ವ್ ಅಂತ ಒಂದು ಸೌಲಭ್ಯ ಇರುತ್ತದೆ, ಅದಕ್ಕೇ ಬಿಡಿ.

ಚಿಹ್ನೆ ಮಾತ್ರ ನೋಡಿಕೊಳ್ಳಿ. ವೃತ್ತದ ಕೇಂದ್ರ ಬಲಗಡೆ ಇದ್ದರೆ ಪ್ಲಸ್, ಎಡಗಡೆ ಇದ್ದರೆ ಮೈನಸ್. ಎರಡನೇ ಸಾಲಿನ ಮೈನಸ್ ಬಿಟ್ಟುಹೋದರೆ ಕ್ರೌನ್ ಲೆನ್ಸ್ ಬರೀ ಬಾಗಿದ ಗಾಜಿನ ಬಿಲ್ಲೆಯಾಗಿ, ಅದರ ಶಕ್ತಿಯೆಲ್ಲ ಹೋಗುತ್ತದೆ. ಆಗ ಫೋಕಲ್ ಲೆಂಥ್ 500ರ ಬದಲು 340ರ ಹತ್ತಿರ ತೋರಿಸುತ್ತದೆ. ಆ ಸಂಖ್ಯೆ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಹೇಗಿದೆ ನೋಡುವುದು

ಸ್ಪಾಟ್ ಡಯಾಗ್ರಾಮ್ ತೆರೆಯಿರಿ. ಒಂದು ನಕ್ಷತ್ರದಿಂದ ಬಂದ ನೂರಾರು ಕಿರಣಗಳು ಬಿಂಬದ ಮೇಲೆ ಎಲ್ಲೆಲ್ಲಿ ಬಿದ್ದವು ಎಂಬ ಚುಕ್ಕೆಗಳ ಚಿತ್ರ ಅದು. ಜೊತೆಗೆ ಏರಿ ವೃತ್ತವನ್ನೂ ಹಾಕಿಸಿ. ಬೆಳಕಿನ ಅಲೆಗುಣದಿಂದಾಗಿ ನಕ್ಷತ್ರದ ಬಿಂಬ ಅದಕ್ಕಿಂತ ಚಿಕ್ಕದಾಗಲು ಸಾಧ್ಯವೇ ಇಲ್ಲ. ನಮ್ಮ ಲೆನ್ಸಿಗೆ ಅದರ ತ್ರಿಜ್ಯ ಸುಮಾರು 7.2 ಮೈಕ್ರಾನ್. ಚುಕ್ಕೆಗಳೆಲ್ಲ ವೃತ್ತದೊಳಗೆ ಬಂದರೆ ಗೆದ್ದಂತೆ. ಅಂಚಿನ ಕೋನದ ಚಿತ್ರದಲ್ಲಿ ಚುಕ್ಕೆಗಳಿಗೆ ಧೂಮಕೇತುವಿನಂಥ ಬಾಲ ಕಂಡರೆ ಅದು ಕೋಮಾ ದೋಷ.

ಆಪ್ಟಿಮೈಜ್ ಮಾಡುವುದು

ಅಸಲಿ ಕೆಲಸ ಇದು. ಏನನ್ನು ಬದಲಿಸಬಹುದು, ಏನು ಬೇಕು ಎಂಬ ಎರಡನ್ನೇ ಕಂಪ್ಯೂಟರಿಗೆ ಹೇಳಬೇಕು. ಮೂರು ತ್ರಿಜ್ಯಗಳನ್ನು ವೇರಿಯಬಲ್ ಮಾಡಿ. ದಪ್ಪಗಳನ್ನು ಮುಟ್ಟಬೇಡಿ. ಅವುಗಳಿಂದ ಲಾಭ ಕಡಿಮೆ, ಸಡಿಲ ಬಿಟ್ಟರೆ ಸಾಫ್ಟ್‌ವೇರ್ ಬೇಡದ ದಿಕ್ಕಿಗೆ ಹೋಗುತ್ತದೆ. ಹದ್ದು ಹಾಕದಿದ್ದರೆ ಮೈನಸ್ ದಪ್ಪದ ಗಾಜನ್ನೂ ಅದು ಸಲೀಸಾಗಿ ಕೊಡುತ್ತದೆ!

ಏನು ಬೇಕು ಎನ್ನುವುದನ್ನು ಮೆರಿಟ್ ಫಂಕ್ಷನ್‌ನಲ್ಲಿ ಬರೆಯಬೇಕು. ಚುಕ್ಕೆಯ ಗಾತ್ರ ಆದಷ್ಟು ಚಿಕ್ಕದಾಗಲಿ ಎಂಬುದು ಒಂದು ಸಾಲು. ಫೋಕಲ್ ಲೆಂಥ್ 500 ಇರಲಿ ಎಂಬುದು ಇನ್ನೊಂದು. ಇದನ್ನು ಬರೆಯದಿದ್ದರೆ ಅದು ಉಬ್ಬುಗಳನ್ನು ಚಪ್ಪಟೆ ಮಾಡುತ್ತಾ ಬಿಂಬವನ್ನು ದೂರ ತಳ್ಳಲು ನೋಡುತ್ತದೆ, ಯಾಕೆಂದರೆ ಮೆಲ್ಲಗೆ ಬಾಗುವ ಬೆಳಕಿನಲ್ಲಿ ದೋಷ ಕಡಿಮೆ. ಕ್ರೌನ್ ಗಾಜಿನ ಅಂಚಿನ ದಪ್ಪ 3 ಮಿ.ಮೀ.ಗಿಂತ ಕಡಿಮೆಯಾಗದಿರಲಿ ಎಂಬ ಸಾಲನ್ನೂ ಸೇರಿಸಿ. ಅಂಚು ತೆಳುವಾದರೆ ಉಜ್ಜುವಾಗ ಚಕ್ಕೆ ಏಳುತ್ತದೆ.

ಈಗ ಬಟನ್ ಒತ್ತಿ. ಮೊದಲ ತ್ರಿಜ್ಯ 224ರಿಂದ 300ರ ಕಡೆಗೆ, ಎರಡನೆಯದು −180ರ ಕಡೆಗೆ ಸರಿಯಬೇಕು. ಹತ್ತಿರಹತ್ತಿರ ಚಪ್ಪಟೆಯಾಗಿದ್ದ ಹಿಂದಿನ ಮೈ ಬಾಗಿ ತ್ರಿಜ್ಯ ಮೈನಸ್ ಏಳೆಂಟು ನೂರರ ಆಸುಪಾಸಿಗೆ ಬರುತ್ತದೆ. ನೀವು ಕೊಟ್ಟ ದಪ್ಪ, ಕೋನಗಳ ತೂಕ ನೋಡಿಕೊಂಡು ಅಂಕಿ ಆಚೀಚೆ ಆಗಬಹುದು.

ಒಂದು ಪರೀಕ್ಷೆ ಮಾಡಿ. ಫ್ಲಿಂಟನ್ನು ಮುಂದಿಟ್ಟು, ಕ್ರೌನನ್ನು ಹಿಂದಿಟ್ಟು ಹೊಸದಾಗಿ ಶುರು ಮಾಡಿ. ಕಂಪ್ಯೂಟರ್ ಬೇರೆಯೇ ಉತ್ತರ ಕೊಡುತ್ತದೆ, ಅದರ ಉಬ್ಬುತಗ್ಗುಗಳು ಇನ್ನೂ ಕಡಿದಾಗಿರುತ್ತವೆ. ಎರಡೂ ಅದರ ಲೆಕ್ಕದಲ್ಲಿ ಸರಿ. ಉಜ್ಜಲು ಸುಲಭ ಯಾವುದು ಎಂದು ಅದಕ್ಕೆ ಗೊತ್ತಿಲ್ಲ.

ಎಷ್ಟು ಒತ್ತಿದರೂ ಹೋಗದ ಬಣ್ಣ

ಕೆಂಪು, ನೀಲಿ ಈಗ ಒಂದೇ ಕಡೆ ಕೂಡುತ್ತವೆ. ಆದರೆ ಹಳದಿ-ಹಸಿರು ಅವಕ್ಕಿಂತ ಸುಮಾರು ಕಾಲು ಮಿ.ಮೀ. ಮುಂಚೆಯೇ ಕೂಡುತ್ತದೆ. 7.8 ಮಿ.ಮೀ. ಇದ್ದದ್ದು ಇಷ್ಟಾಯಿತಲ್ಲ, ದೊಡ್ಡ ಗೆಲುವೇ. ಆದರೂ ಕೆಂಪು, ನೀಲಿ ಚುಕ್ಕೆಗಳು ಏರಿ ವೃತ್ತದಿಂದ ಸ್ವಲ್ಪ ಹೊರಗೇ ಉಳಿಯುತ್ತವೆ. ಪ್ರಖರ ನಕ್ಷತ್ರದ ಸುತ್ತ ಕಾಣುವ ನೇರಳೆ ಛಾಯೆಗೆ ಇದೇ ಕಾರಣ.

ಇಲ್ಲಿ ಮತ್ತೆ ಮತ್ತೆ ಬಟನ್ ಒತ್ತುವುದು ಸುಮ್ನೆ ಟೈಮ್ ವೇಸ್ಟ್. ಮೂರು ತ್ರಿಜ್ಯ ಇವೆ, ಅವು ಮೂರು ಕೆಲಸ ಮಾಡಬಲ್ಲವು: ಫೋಕಲ್ ಲೆಂಥ್, ಬಣ್ಣ, ಗೋಳ ದೋಷ (ಲೆನ್ಸಿನ ನಡುವಿನ ಮತ್ತು ಅಂಚಿನ ಕಿರಣಗಳು ಬೇರೆ ಬೇರೆ ಕಡೆ ಕೂಡುವುದು). ಕೋಮಾವನ್ನೂ ಪೂರ್ತಿ ತೆಗೆಯಬೇಕಾದರೆ ಎರಡು ಲೆನ್ಸ್ ನಡುವೆ ಗಾಳಿ ಬಿಡಿ. ಆಗ ನಾಲ್ಕು ತ್ರಿಜ್ಯ ಆಗುತ್ತವೆ. ಉಳಿದ ಆ ಬಣ್ಣ ಹೋಗಬೇಕಾದರೆ ಗಾಜನ್ನೇ ಬದಲಿಸಬೇಕು. ಒಹಾರಾ ಕಂಪನಿಯ ಎಫ್‌ಪಿಎಲ್53ರಂಥ ಇ.ಡಿ. (ED, ಬಣ್ಣಗಳನ್ನು ತೀರಾ ಕಡಿಮೆ ಚದುರಿಸುವ) ಗಾಜುಗಳು ಇರುವುದು ಇದಕ್ಕೇ. ಜೇಬಿಗೆ ಭಾರ ಅನ್ನುವುದು ಬೇರೆ ಮಾತು.

ಕೈತಪ್ಪುಗಳ ಲೆಕ್ಕ

ಸ್ಕ್ರೀನ್ ಮೇಲಿನ 300.00 ಮಿ.ಮೀ. ಗಾಜಿನಲ್ಲಿ 300.4 ಆಗಬಹುದು. ದಪ್ಪ 0.1 ಮಿ.ಮೀ. ಹೆಚ್ಚಬಹುದು, ಅಂಟಿಸುವಾಗ ಒಂದು ಲೆನ್ಸ್ ತುಸು ವಾಲಬಹುದು. ಟಾಲರೆನ್ಸ್ ವಿಭಾಗದಲ್ಲಿ ಈ ಮಿತಿಗಳನ್ನು ಕೊಟ್ಟು ಮಾಂಟೆ ಕಾರ್ಲೋ ಓಡಿಸಿ. ಸಾಫ್ಟ್‌ವೇರ್ ಯದ್ವಾತದ್ವಾ ತಪ್ಪುಗಳಿರುವ ನೂರಾರು ಲೆನ್ಸ್‌ಗಳನ್ನು ಲೆಕ್ಕದಲ್ಲೇ ತಯಾರಿಸಿ, ಎಷ್ಟು ಪಾಸು, ಎಷ್ಟು ಫೇಲು ಹೇಳುತ್ತದೆ. ಅರ್ಧದಷ್ಟು ಫೇಲಾದರೆ ಆ ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಬಿಡಿ.

1990ರಲ್ಲಿ ಹಾರಿದ ಹಬಲ್ ಟೆಲಿಸ್ಕೋಪಿನ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಕನ್ನಡಿಯನ್ನು ಪರೀಕ್ಷಿಸುವ ಸಾಧನದೊಳಗಿನ ಒಂದು ಲೆನ್ಸ್ 1.3 ಮಿ.ಮೀ. ಆಚೆ ಕೂತಿತ್ತು. ಹಾಗಾಗಿ 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್ ಜಾಸ್ತಿ ಚಪ್ಪಟೆಯಾಯಿತು, ಚಿತ್ರಗಳು ಮಸುಕಾದವು. ರಿಪೇರಿ ಆದದ್ದು 1993ರಲ್ಲಿ.

ವರ್ಕ್‌ಶಾಪಿಗೆ ಕೊಡುವ ಮುನ್ನ

ಲೆನ್ಸ್ ಮಾಡುವವರ ಬಳಿ ಟೆಸ್ಟ್ ಪ್ಲೇಟ್‌ಗಳು ಇರುತ್ತವೆ. ಅವು ಗೊತ್ತಾದ ತ್ರಿಜ್ಯದ ಅಳತೆಗಾಜುಗಳು. ಅವರ ಪಟ್ಟಿ ಕೇಳಿ ತರಿಸಿಕೊಳ್ಳಿ. ನಿಮ್ಮ ಮೊದಲ ತ್ರಿಜ್ಯಕ್ಕೆ ಹತ್ತಿರದ ಪ್ಲೇಟಿನ ಅಳತೆ ಹಾಕಿ ಅದನ್ನು ಲಾಕ್ ಮಾಡಿ, ಉಳಿದ ಎರಡನ್ನು ಮತ್ತೆ ಆಪ್ಟಿಮೈಜ್ ಮಾಡಿ. ಎರಡನೆಯದಕ್ಕೂ ಹೀಗೇ. ಗಾಜು ಕೊಡುವವರಿಂದ ಮೆಲ್ಟ್ ಶೀಟನ್ನೂ ಕೇಳಿ. ಪ್ರತಿ ಸಲ ಕರಗಿಸಿದ ಗಾಜಿನ ಸೂಚ್ಯಂಕ ನಾಲ್ಕನೇ ದಶಮಾಂಶದಲ್ಲಿ ತುಸು ಏರುಪೇರಾಗುತ್ತದೆ. ಆ ಅಂಕಿ ಹಾಕಿ, ಮೂರನೇ ತ್ರಿಜ್ಯವನ್ನು ಅದಕ್ಕೆ ಹೊಂದಿಸಿ, ಟಾಲರೆನ್ಸ್ ಇನ್ನೊಮ್ಮೆ ಓಡಿಸಿ. ಪಾಸಾದರೆ ಡ್ರಾಯಿಂಗ್ ಪ್ರಿಂಟ್ ತೆಗೆಯಿರಿ.